ಕಣ್ಣು ಸಣ್ಣದಾದ ದಿನ

"ಈ ರೋಗ ತಂದವರು ಸಣ್ಣ ಕಣ್ಣಿನ ಹೊರಗಿನವರು! ಕಂಡಲ್ಲಿ ಓಡಿಸಿ!" ಎಂದು ನಾಯಕರು ಫೋನಿನ ವೀಡಿಯೋದಲ್ಲಿ ಗುಡುಗುತ್ತಿದ್ದರು. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಚಪ್ಪಾಳೆಯ ಚಿತ್ರ ಒತ್ತಿದ್ದರು. ಒತ್ತದಿದ್ದರೆ ಎಲ್ಲಿ ಎಲ್ಲರ ಬಾಯಿಗೆ ಬೀಳುತ್ತೇನೋ ಎಂದು ಬೀಗ ರಿಪೇರಿಯವನೂ ಒಂದು ಒತ್ತಿದ. ಅದೇ ಹೊತ್ತಿಗೆ ಹಾಳು ಕಣಜದ ಹುಳವೊಂದು ಅವನ ಒಂದು ರೆಪ್ಪೆಗೆ ಕುಟುಕಿ, ಸಾಲದೆಂದು ಇನ್ನೊಂದಕ್ಕೂ ಕುಟುಕಿತು. ರೆಪ್ಪೆ ಊದಿ ಕಣ್ಣುಗಳು ಅಂಗಿಯ ಕಾಜದಷ್ಟಾದವು.

"ಹಾರ್ಟಿನ ಮಾತ್ರೆ ಮುಗೀತು ಕಣೋ," ಎಂದಳು ಅಮ್ಮ ಒಳಗಿನಿಂದ. "ಅಂಗಡಿ ಮುಚ್ಚೋದ್ರೊಳಗೆ ತಂದುಬಿಡು." ಹಿಂದೊಮ್ಮೆ ಒಂದು ದಿನ ಮಾತ್ರೆ ತಪ್ಪಿದ್ದಕ್ಕೇ ಅವಳು ಆಸ್ಪತ್ರೆ ಸೇರಿದ್ದಳು. ಈಗ ಆಸ್ಪತ್ರೆಯಲ್ಲಿ ಮಂಚವೇ ಖಾಲಿ ಇಲ್ಲ. ರೋಗ ಅಂಟೀತೆಂಬ ಭಯಕ್ಕೆ ಅವನು ಅಮ್ಮನ ಮುಖ ನೋಡದೆ ತಿಂಗಳಾಗಿತ್ತು. ಮಾತೆಲ್ಲ ಮುಚ್ಚಿದ ಬಾಗಿಲಿನಾಚೆಯಿಂದಲೇ.

ಮಾಸ್ಕ್ ಏರಿಸಿ ಹೊರಟವನಿಗೆ ತಿರುವಿನಲ್ಲಿ ನಿವೃತ್ತ ಮೇಷ್ಟ್ರು ಕೋಲು ಅಡ್ಡ ಹಿಡಿದರು.

"ಏಯ್, ನಿಲ್ಲು! ಕಣ್ಣು ನೋಡಿದ್ರೇ ಗೊತ್ತಾಗುತ್ತೆ. ಯಾವ ದೇಶದೋನು?"

"ಅಯ್ಯೋ ಸಾರ್, ಮೊನ್ನೆ ನಿಮ್ಮನೆ ಬೀಗ ತೆಗೆದೋನು ನಾನೇ!"

"ಮನೆ ಬೀಗ ಬೇರೆ ಒಡೆದಿದ್ದಾನೆ ಕಳ್ಳ!"

ಮುಖ ತೋರಿಸೋಣವೆಂದು ಮಾಸ್ಕ್ ಇಳಿಸಿದ. ಹಾಳಾದ್ದು, ಆಗಲೇ ಸೀನು ಬರಬೇಕೆ! "ರೋಗ ಹರಡ್ತಿದ್ದಾನೆ!" ಎಂದು ಮೇಷ್ಟ್ರು ಕಾಲಿಗೆ ಬುದ್ಧಿ ಹೇಳಿದರು. ಏರಿಸಿದರೆ ಹೊರಗಿನವನು, ಇಳಿಸಿದರೆ ಕೊಲೆಗಾರ. ಎಲ್ಲಿಗೆ ಹೋಗಬೇಕು ಮನುಷ್ಯ? ಮಾಸ್ಕ್ ಮತ್ತೆ ಏರಿಸಿದ.

ಮೇಲಿನ ಬಾಲ್ಕನಿಯಿಂದ ಲೆಕ್ಚರರಮ್ಮ ವೀಡಿಯೋ ಮಾಡುತ್ತಿದ್ದರು. "ಹೆದರ್ಬೇಡಿ, ನಾವು ನಿಮ್ಮ ಪರ! ದ್ವೇಷಕ್ಕೆ ಧಿಕ್ಕಾರ ಅಂತ ಹಾಕ್ತೀನಿ. ಸ್ವಲ್ಪ ಈ ಕಡೆ ತಿರುಗಿ, ಕಣ್ಣೀರು ಕಾಣ್ಲಿ."

"ಅಕ್ಕಾ, ಅಮ್ಮನಿಗೆ ಮಾತ್ರೆ ತಂದುಕೊಡ್ತೀರಾ?"

"ನಾನಾ? ಕೆಳಗಿಳಿಯೋಕೆ ಭಯ ಕಣಪ್ಪಾ."

ಆಕೆ ಹಾಕಿದ ವೀಡಿಯೋವನ್ನೇ ಮೇಷ್ಟ್ರು ಎತ್ತಿಕೊಂಡು, "ಇವನೇ! ಎಚ್ಚರ!" ಎಂದು ಬರೆದು ಬೀದಿಯ ಗುಂಪಿಗೆ ಬಿಟ್ಟರು.

ಅವನು ಏದುಸಿರು ಬಿಡುತ್ತಾ ಅಂಗಡಿ ಮುಟ್ಟುವಷ್ಟರಲ್ಲಿ ಔಷಧಿಯವನು ಶಟರ್ ಎಳೆಯುತ್ತಿದ್ದ. "ಹತ್ರ ಬರ್ಬೇಡ! ನಿಂಗೆ ಏನೂ ಕೊಡ್ಬಾರ್ದು ಅಂತ ಈಗಷ್ಟೇ ಫೋನ್ ಬಂತು. ಹಳೇ ಗಿರಾಕಿ ಮಾತು, ಮೀರೋಕಾಗಲ್ಲ."

"ಸ್ವಾಮೀ, ನನ್ನ ತಾಯಿ..." ಎನ್ನುತ್ತಿದ್ದಂತೆ ಶಟರ್ ನೆಲ ಮುಟ್ಟಿತು.

ಬರಿಗೈಯಲ್ಲಿ ಬಂದವನು ಅಮ್ಮನ ಕೋಣೆಯ ಬಾಗಿಲ ಮುಂದೆ ಕುಸಿದು ಕೂತ. ಹೇಗೆ ಹೇಳುವುದೆಂದು ತೋಚದೆ ಅಳು ಬಂತು.

"ಬಂದ್ಯಾ ಮಗಾ? ಸದ್ಯ!" ಎಂದಳು ಅಮ್ಮ. "ಗುಂಪಲ್ಲಿ ಆ ಸಣ್ಣ ಕಣ್ಣಿನೋನ ವೀಡಿಯೋ ನೋಡಿ ಎದೆ ಧಸಕ್ ಅಂತು. ಎಲ್ಲಿ ಅಂಗಡೀಲಿ ನಿಂಗೆ ರೋಗ ಅಂಟಿಸ್ತಾನೋ ಅಂತ ನಾನೇ ಔಷಧಿಯವನಿಗೆ ಫೋನ್ ಮಾಡ್ದೆ. ಅವನಿಗೆ ಏನೂ ಕೊಡ್ಬೇಡ, ಓಡಿಸು ಅಂದೆ."

ಬಾಗಿಲು ಚೂರು ತೆರೆಯಿತು. ಸಂದಿಯಿಂದ ಅವಳ ಕೈ ಹೊರಬಂತು.

"ಎಲ್ಲಿ, ಮಾತ್ರೆ ಕೊಡು. ಯಾಕೋ ಆಗಿನಿಂದ ಎದೆ ಹಿಡೀತಾ ಇದೆ."