ಬಿಳಿ ಪುಡಿ ಹಚ್ಚಿಕೊಂಡ ಸಲಾಮಿ

ಭಾನುವಾರ ಬೆಳಿಗ್ಗೆ ಹಲ್ಲುಜ್ಜುವಾಗಲೇ ಅವಳು ಘೋಷಿಸಿಬಿಟ್ಟಳು: ಇವತ್ತು ಸೂರ್ಯ ತಲೆಕೆಳಗಾಗಿ ಹುಟ್ಟಿದರೂ ತಾನು ಗಾಬರಿಬೀಳುವುದಿಲ್ಲ! ಸೂರ್ಯನಿಗೆ ಅಂಥ ಯೋಚನೆ ಇದ್ದಂತಿಲ್ಲ ಎಂದ ಗಂಡ, ಪತ್ರಿಕೆಯಿಂದ ತಲೆಯೆತ್ತದೆ.

ಕಾರಣ ದೊಡ್ಡದೇ ಇತ್ತು. ಸಂಜೆ ಊಟಕ್ಕೆ ಬರುವವರು ಮಗಳ ಡಾಕ್ಟರಮ್ಮ. ಹತ್ತು ತಿಂಗಳ ಗುಂಡಮ್ಮ ಸೀನಿದರೆ, ಇಡೀ ದಿನ ಸೀನದಿದ್ದರೆ, ಒಟ್ಟೊಟ್ಟಿಗೆ ಎರಡು ಸಲ ಆಕಳಿಸಿದರೆ ಇವಳ ಫೋನು ಅವರಿಗೆ ಹೋಗುತ್ತಿತ್ತು. ಹೋದ ವಾರ, ಮಗು ನಕ್ಕಾಗ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತದೆಂದು ಫೋನಾಯಿಸಿದಾಗ ಡಾಕ್ಟರು ಬಹಳ ಹೊತ್ತು ಸುಮ್ಮನಿದ್ದು, ನೀವು ಸ್ವಲ್ಪ ನಿದ್ದೆ ಮಾಡಿ ಎಂದಿದ್ದರು. ಆ ಮಾತಿಗಿಂತ ಆ ಮೌನ ಚುಚ್ಚಿತ್ತು. ಬೀದಿಯ ಅಷ್ಟೂ ತಾಯಂದಿರಲ್ಲಿ ತಾನೇ ಪುಕ್ಕಲಿ ಎಂದು ತೀರ್ಪಾಗಿದೆ. ಅದನ್ನು ಇವತ್ತು ತಿರುಗಿಸಬೇಕು.

ಅದಕ್ಕೆ ಅವಳು ಆರಿಸಿಕೊಂಡ ಅಸ್ತ್ರ ಒಣಮಾಂಸದ ಹಲಗೆ. ಅಗಲವಾದ ಮರದ ಹಲಗೆ. ಅದರ ಮೇಲೆ ಉಪ್ಪಿನಲ್ಲಿ ಹದಮಾಡಿ ತಿಂಗಳುಗಟ್ಟಲೆ ಒಣಗಿಸಿದ ಮಾಂಸದ ತೆಳು ಹೋಳುಗಳು, ಚೀಸ್, ದ್ರಾಕ್ಷಿ, ಬ್ರೆಡ್ಡು. ಒಲೆ ಹಚ್ಚುವಂತೆಯೇ ಇಲ್ಲ. ಬೇಯಿಸದ ಮಾಂಸವನ್ನು ನಗುನಗುತ್ತ ಅತಿಥಿಯ ಮುಂದಿಡುವ ಹೆಂಗಸನ್ನು ಯಾರು ತಾನೇ ಪುಕ್ಕಲಿ ಎಂದಾರು?

ಅಂಗಡಿಯವನು ಒಂದು ಮಾತು ಹೇಳಿ ಕಳಿಸಿದ್ದ. ಬಡಿಸುವ ಒಂದು ಗಂಟೆ ಮೊದಲೇ ಫ್ರಿಜ್ಜಿನಿಂದ ಹೊರಗಿಡಬೇಕು, ಆಗಲೇ ರುಚಿ. ಹಾಲು ಹತ್ತು ನಿಮಿಷ ಹೊರಗಿದ್ದರೆ ಸಿಂಕಿಗೆ ಸುರಿಯುವ ಮನೆಯಿದು! ಆರು ಗಂಟೆಗೆ ಹೊರಗಿಟ್ಟಳು. ಆರೂ ಐದಕ್ಕೆ ಒಳಗಿಟ್ಟಳು. ಆರೂ ಹತ್ತಕ್ಕೆ ಮತ್ತೆ ಹೊರಗೆ. ಹೀಗೇ ಮಾಡುತ್ತಿದ್ದರೆ ಮಾಂಸಕ್ಕೆ ನೆಗಡಿಯಾಗುತ್ತದೆ ಎಂದು ಗಂಡ ಎಚ್ಚರಿಸಿದ.

ಆದರೂ ಅವಳು ಬಿಡಲಿಲ್ಲ. ಹ್ಯಾಮಿನ ಹೋಳುಗಳನ್ನು ಗುಲಾಬಿಯಂತೆ ಸುತ್ತಿದಳು, ಚೀಸಿನಲ್ಲಿ ಕೋಟೆ ಕಟ್ಟಿದಳು. ಕೊನೆಗೆ ಸಲಾಮಿಯನ್ನು, ಅಂದರೆ ಸಿಪ್ಪೆಯೊಳಗೆ ತುಂಬಿ ಒಣಗಿಸಿದ ಮಾಂಸದ ಉರುಳೆಯನ್ನು, ಕಾಗದದಿಂದ ಬಿಡಿಸಿ, ತುದಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಮಹಾರಾಣಿಯ ಠೀವಿಯಲ್ಲಿ ಅಗಿದು ನುಂಗಿದಳು. ನುಂಗಿದ ಮೇಲೆ ಸಿಪ್ಪೆಯ ಕಡೆ ಕಣ್ಣು ಹೋಯಿತು. ಉದ್ದಕ್ಕೂ ಬೆಳ್ಳಗೆ, ಪುಡಿಪುಡಿಯಾಗಿ, ಬೂಷ್ಟು!

ಅಂಗಡಿಯಲ್ಲಿ ಫೋನ್ ಎತ್ತುವವರಿಲ್ಲ. ಇನ್ನುಳಿದದ್ದು ಕ್ಲಿನಿಕ್ಕಿನ ತುರ್ತು ನಂಬರು. ರಜೆಯ ದಿನ ಅದು ನೇರ ಡಾಕ್ಟರ ಮೊಬೈಲಿಗೇ ಹೋಗುತ್ತದೆ. ತನ್ನ ಫೋನಿಂದ ಮಾಡಿದರೆ ಹೆಸರು ಕಾಣುತ್ತದಲ್ಲ, ಅದಕ್ಕೆ ಗಂಡನ ಫೋನನ್ನು ಎತ್ತಿಕೊಂಡು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿ, ಮೂಗಿಗೆ ಟವೆಲ್ ಅದುಮಿಕೊಂಡು, ಬೂಷ್ಟು ಬಂದ ಸಲಾಮಿ ಹೊಟ್ಟೆಗೆ ಹೋಗಿದೆ ಎಂದು ಯಾರದೋ ದನಿಯಲ್ಲಿ ಹೇಳಿದಳು.

"ಮಗುಗೆ ವಯಸ್ಸೆಷ್ಟು?"

"ಮೂವತ್ತೊಂದು."

"ತಿಂಗಳಾ?"

"ವರ್ಷ."

ಆ ಕಡೆ ಮೌನ. ಅವಳಿಗೆ ಚೆನ್ನಾಗಿ ಪರಿಚಯವಿದ್ದ ಮೌನ. ಆಮೇಲೆ ಡಾಕ್ಟರು ತಾಳ್ಮೆಯಿಂದ, ಆ ಬಿಳಿಯನ್ನು ಸಲಾಮಿ ಮಾಡುವವರೇ ಬೇಕೆಂದು ಬೆಳೆಸಿರುತ್ತಾರೆ, ಸಿಪ್ಪೆ ಸುಲಿದು ತಿನ್ನಿ ಎಂದು ತಿಳಿಹೇಳಿ ಫೋನಿಟ್ಟರು.

ಏಳಕ್ಕೆ ಬಾಗಿಲು ತೆರೆದವಳು ಬೇರೆಯೇ ಹೆಂಗಸು. ನಡೆಯಲ್ಲಿ ಗಾಂಭೀರ್ಯ, ತುಟಿಯಲ್ಲಿ ಕಿರುನಗೆ. ಡಾಕ್ಟರು ಸುಲಿದ ಸಲಾಮಿಯ ಹೋಳೊಂದನ್ನು ಬಾಯಿಗಿಟ್ಟು ಕಣ್ಣುಮುಚ್ಚಿ ಸವಿದರು.

"ನಿಮ್ಮನ್ನ ನಾನು ತಪ್ಪು ತಿಳ್ಕೊಂಡಿದ್ದೆ ಕಣಮ್ಮ. ಈಗ ತಾನೇ ಯಾರೋ ಒಬ್ಳು ಇಂಥದ್ದೇ ಸಲಾಮಿ ತಿಂದು ಹೆದರ್ಕೊಂಡು ಫೋನ್ ಮಾಡಿದ್ಲು. ಅದೂ ಮಕ್ಕಳ ಡಾಕ್ಟ್ರಿಗೆ! ಅವಳ ಮುಂದೆ ನೀವು ಬಂಡೆ."

ಬಂಡೆ ನಾಚಿ ನೆಲ ನೋಡಿತು. ಗಂಡ ಕೆಮ್ಮಲು ಹೊರಟವನು ಹೆಂಡತಿಯ ನೋಟ ಕಂಡು ಕೆಮ್ಮನ್ನು ಅರ್ಧಕ್ಕೇ ನುಂಗಿಕೊಂಡ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗಿತ್ತು. ಆದರೆ ಗೆದ್ದವರಿಗೆ ಔದಾರ್ಯ ಬೇಡವೇ? ಹೊಗಳಿಕೆ ತಲೆಗೇರಿದ ರಭಸದಲ್ಲಿ ಆ ಹೆಂಗಸು ಯಾರೆಂಬುದೇ ಅವಳಿಗೆ ಮರೆತುಹೋಗಿತ್ತು.

"ಪಾಪ, ಈಗ ಹೇಗಿದ್ದಾಳೋ ಏನೋ. ಒಂದ್ಸಲ ಫೋನ್ ಮಾಡಿ ಕೇಳ್ಬಾರ್ದಾ ಮೇಡಂ?"

ಎಷ್ಟು ಒಳ್ಳೆಯ ಮನಸ್ಸು ಎಂದು ಡಾಕ್ಟರು ಮೆಚ್ಚಿ, ಮೊಬೈಲು ತೆಗೆದು ಆ ನಂಬರು ಒತ್ತಿದರು.

ಗಂಡನ ಅಂಗಿಯ ಜೇಬು ಹಾಡತೊಡಗಿತು.

ಮೂವರೂ ಆ ಜೇಬನ್ನೇ ನೋಡಿದರು. ಮಡಿಲಲ್ಲಿ ಬ್ರೆಡ್ಡಿನ ಅಂಚು ಚೀಪುತ್ತಿದ್ದ ಗುಂಡಮ್ಮ ಕೂಡ ನೋಡಿದಳು. ಗಂಡ ಫೋನನ್ನು ಹೊರಗೆಳೆದು, ಇದು ನಿನಗೇ ಇರಬೇಕು ಎಂದು ಬಲು ವಿನಯದಿಂದ ಹೆಂಡತಿಯ ಕೈಗಿತ್ತ. ಮೂರಡಿ ದೂರದಲ್ಲಿ ಡಾಕ್ಟರು ಮೊಬೈಲನ್ನು ಕಿವಿಗಿಟ್ಟುಕೊಂಡು ಹಾಗೇ ಕೂತಿದ್ದರು.

ಕರೆಯನ್ನು ಕತ್ತರಿಸಬಹುದಿತ್ತು. ಯಾರದೋ ರಾಂಗ್ ನಂಬರು ಎನ್ನಬಹುದಿತ್ತು. ಅವಳು ಫೋನನ್ನು ಕಿವಿಗಿಟ್ಟು, ಗೋಡೆಯ ಕಡೆ ತಿರುಗಿ, ಮೆಲ್ಲಗೆ ಕೇಳಿದಳು:

"ಹೇಗೂ ಫೋನ್ ಮಾಡಿದ್ದೀರಲ್ಲ ಡಾಕ್ಟ್ರೇ... ಇಲ್ಲಿ ಪಕ್ಕೆ ಹತ್ರ ಸಣ್ಣಗೆ ಚುಚ್ಚಿದ ಹಾಗಾಗ್ತಿದೆ. ಏನೂ ಆಗಲ್ಲ ಅಲ್ವಾ?"