ಸೈಕಲ್ಲಿಗೆ ಕ್ಯಾಮೆರಾ ಕಟ್ಟಿದ್ದು

ತಪ್ಪು ಮಾಡುವುದಕ್ಕೂ ನನಗೆ ಯಾರ ಸಹಾಯವೂ ಬೇಕಾಗಿಲ್ಲ. ಅದಕ್ಕೇ ಫಜೀತಿಗಳು ನನಗೇ ಹೆಚ್ಚು ಆಗುತ್ತಿರುತ್ತವೆ. ಓದುವುದನ್ನು ನಾನೇ ಕಲಿತೆ, ಹೊಲಿಗೆ ನಾನೇ ಕಲಿತೆ, ಕೊಳ್ಳೇಗಾಲದಲ್ಲಿ ಸ್ವಂತ ಅಂಗಡಿ ಇಟ್ಟೆ. ನಲವತ್ತು ದಾಟಿದ ಮೇಲೆ ಸೈಕಲ್ಲೂ ಕಲಿತೆ. ನಮ್ಮ ಮಹಿಳಾ ಸಂಘದವರಿಗೂ ಕಲಿಸುತ್ತೇನೆಂದರೆ ಅಧ್ಯಕ್ಷೆ, "ನಮ್ ಕಡೆ ರೋಡ್ನಲ್ಲಿ ಎಂಗಸ್ರು ಸೈಕಲ್ಲಾ? ಸುಮ್ಕಿರಕ್ಕ" ಎಂದರು.

"ಒಬ್ಬಳೇ ಹೋಗಿ ರಸ್ತೇನ ವಿಡಿಯೊ ಮಾಡ್ಕೊಂಡು ಬತ್ತೀನಿ. ನೋಡಿ ನಿಮಗೆ ಭಯ ಆದ್ರೆ ಇನ್ನು ಸೈಕಲ್ ಮಾತೇ ಎತ್ತಲ್ಲ" ಎಂದು ಸಭೆಯಲ್ಲೇ ಸವಾಲು ಹಾಕಿದೆ.

ಚೀಲ

ಪುಟ್ಟದೊಂದು ಕ್ಯಾಮೆರಾ ಕೊಂಡೆ. ಅದನ್ನು ಹ್ಯಾಂಡಲ್ಲಿಗೆ ಕೂರಿಸಲು ಸೈಕಲ್ ಅಂಗಡಿಯವನು ಕ್ಲಾಂಪ್ ತೋರಿಸಿದ. "ಟೈಲರ್ ನಾನು, ನನಗೇ ಕ್ಲಾಂಪಾ?" ಎಂದು ಬಂದು, ಉಳಿದ ಲೈನಿಂಗ್ ಬಟ್ಟೆಯಲ್ಲಿ ಅಳತೆ ಹಿಡಿದು ಚೀಲ ಹೊಲಿದೆ. ಅಂಚಿಗೆ ಪೈಪಿಂಗ್ ಕೊಟ್ಟೆ, ಗುಂಡಿ ಇಟ್ಟೆ, ಹ್ಯಾಂಡಲ್ಲಿಗೆ ಕಟ್ಟಲು ಎಲಾಸ್ಟಿಕ್ ಹಾಕಿದೆ. ಊರೆಲ್ಲ ಸುತ್ತಿ ಬಂದು ನೋಡಿದರೆ ಬರೀ ಕತ್ತಲು. ಕ್ಯಾಮೆರಾ ನೋಡುವುದಕ್ಕೆ ತೂತೇ ಬಿಟ್ಟಿರಲಿಲ್ಲ.

ನನ್ನ ಅಂಗಡಿಯಲ್ಲಿ ಗುಂಡಿ ತೂರುವ ಕಾಜ ಹಾಕುವ ಹೆಂಗಸು ಕೇಳಿದಳು: "ಬ್ಲೌಸ್‌ಗೆ ಕತ್ತು ಬುಟ್ಟು ಒಲೀತೀಯಲ್ಲಕ್ಕ, ಇದ್ರ ಕತ್ಯಾಕೆ ಮುಚ್ಬುಟ್ಟೆ?"

ಬೊಟ್ಟು

ಚೀಲಕ್ಕೆ ದೊಡ್ಡದೊಂದು ಕಾಜ ಹಾಕಿಸಿ ಯಳಂದೂರಿಗೆ ಹೊರಟೆ. ಹೊಸ ಯಂತ್ರವನ್ನು ಪೂಜೆ ಇಲ್ಲದೆ ಊರು ದಾಟಿಸಲು ಅಮ್ಮ ಬಿಡುವವಳಲ್ಲ. ಊದುಬತ್ತಿ ಬೆಳಗಿ ಕಳಿಸಿದಳು. ಹೊನ್ನೂರಿನ ಭತ್ತದ ಗದ್ದೆಗಳನ್ನು ನಿಂತು ನಿಂತು ತೆಗೆದೆ. ಮನೆಗೆ ಬಂದು ನೋಡಿದರೆ ಗದ್ದೆ, ತೆಂಗು, ಆಟೊ, ಆಕಾಶ ಎಲ್ಲ ಒಂದೇ ಕೆಂಪು.

"ಅಮ್ಮಾ, ಕುಂಕುಮ ಎಲ್ಲಿಟ್ಟೆ?"

"ಅದ್ಕೆ ಅಣೆ ಎಲ್ಲದೆ? ಇರೋದೇ ಒಂದು ಕಣ್ಣು. ಅಲ್ಗೇ ಇಕ್ದೆ."

ಒರೆಸಲು ಹೋದೆ. "ಮಂಗಳವಾರ ಕುಂಕುಮ ಒರುಸ್ತಾರಾ?" ಎಂದು ಕೈ ಹಿಡಿದಳು. ಬುಧವಾರದವರೆಗೆ ಕಾದೆ.

ಹುರುಳಿ

ಕೊನೆಗೆ ಹನೂರಿಗೆ ಹೊರಟೆ. ಶಾಗ್ಯದ ಕಡೆ, ಹೋಗಿಬರುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂದು ರಸ್ತೆ ತುಂಬ ಹುರುಳಿ ಗಿಡ ಹರಡಿದ್ದರು. ಬಳ್ಳಿ ಚೈನಿಗೆ ಸುತ್ತಿತು, ನಾನು ಹುರುಳಿಯ ಮೇಲೆ. ಕೆಲಸದ ಹೆಂಗಸರು ಓಡಿ ಬಂದು ನನ್ನನ್ನೂ ಸೈಕಲ್ಲನ್ನೂ ಎತ್ತಿ ನಿಲ್ಲಿಸಿದರು.

"ಪೆಟ್ಟಾಯ್ತಾ?"

"ಇಲ್ಲ, ಹೇಗೂ ಇಳಿಯೋಳೇ ಇದ್ದೆ."

"ಅಂಗಾದ್ರೆ ಅತ್ಲಾಗೂ ಒಂದ್ಸಲ ಇಳಿಯಕ್ಕ. ಅಲ್ಲಿ ಕಾಯಿ ಇನ್ನೂ ಒಡ್ದಿಲ್ಲ."

ಸಭೆ

ಮೊದಲು ಒಮ್ಮೆ ನೀನೇ ನೋಡಿಕೋ ಎಂದವರಿದ್ದರು. ಕೇಳುವ ಜಾಯಮಾನ ನನ್ನದಲ್ಲ. ನೇರ ಸಂಘದ ಟಿ.ವಿ.ಗೆ ಹಾಕಿದೆ.

ರಸ್ತೆ ಚೆನ್ನಾಗಿಯೇ ಬಂತು. ಬಿದ್ದದ್ದೂ ಬಂತು. ಆಮೇಲೆ ಪರದೆ ತುಂಬ ಒಂದು ಕೈ, ಜೊತೆಗೆ ಹುರುಳಿ ಹೆಂಗಸಿನ ದನಿ: "ಅಕ್ಕನ ಮುಖ್ವೇ ಬೀಳಕಿಲ್ವಲ್ಲ, ಇದ್ಯಾವ ಸೀಮೆ ಫೋಟೊ!" ಪಾಪ, ಉಪಕಾರ ಎಂದುಕೊಂಡು ಚೀಲವನ್ನು ನನ್ನ ಕಡೆ ತಿರುಗಿಸಿದ್ದಳು. ಬಿದ್ದ ಅವಮಾನದಲ್ಲಿ ನಾನು ಅದನ್ನು ನೋಡಿರಲೇ ಇಲ್ಲ. ಅಲ್ಲಿಂದ ಹನೂರಿನವರೆಗೆ ರಸ್ತೆಯೇ ಇಲ್ಲ. ನನ್ನ ಮೂಗಿನ ಹೊಳ್ಳೆ, ಬೆವರು, ಏದುಸಿರು. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಏರಿನಲ್ಲಿ ಯಾರೂ ಇಲ್ಲವೆಂದು ನಾನಾಡಿದ ಮಾತು ಜೋರಾಗಿ ಕೇಳಿತು:

"ಅಯ್ಯೋ ಸಿವನೇ, ಅಧ್ಯಕ್ಷೆ ಅಂದಿದ್ದೇ ಸರಿ. ಅವಳ ಮುಂದೆ ಮಾತ್ರ ಸತ್ರೂ ಒಪ್ಕೊಳಲ್ಲ!"

ರಿಮೋಟಿಗೆ ಕೈ ಚಾಚಿದೆ. ಅದು ಅಧ್ಯಕ್ಷೆಯ ಕೈಯಲ್ಲಿತ್ತು. ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಕೇಳಿದರು, ಮತ್ತೊಮ್ಮೆ ಕೇಳಿದರು. ನಗು ನಿಂತ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು: "ಬರೀ ರೋಡ್ ತೋರ್ಸಿದ್ರೆ ನಾವ್ಯಾರೂ ಬತ್ತಿರ್ನಿಲ್ಲ ಕಣಕ್ಕ. ಇಷ್ಟು ಬಿದ್ದು, ಇಷ್ಟು ಗೋಳಾಡ್ಕಂಡೂ ನೀನು ಅನೂರು ಮುಟ್ಟಿದ್ದೀಯ ಅಂದ್ಮೇಲೆ ನಮ್ಗೂ ಆಯ್ತದೆ. ಭಾನುವಾರದಿಂದ ಕಲ್ಸು."

ಕಲಿಸುತ್ತಿದ್ದೇನೆ. ಅಧ್ಯಕ್ಷೆ ಬಿದ್ದಾಗ ನಾನೇ ಮೊದಲು ಓಡುತ್ತೇನೆ. ಎತ್ತಿ ಕೂರಿಸಿ, ಹ್ಯಾಂಡಲ್ಲಿನ ಕ್ಯಾಮೆರಾವನ್ನು ಮೆಲ್ಲಗೆ ಅವರ ಮುಖದ ಕಡೆ ತಿರುಗಿಸುತ್ತೇನೆ.