ಗ್ರೀಕರಿಗೊಬ್ಬ ಸೇಫ್ಟಿ ಆಫೀಸರ್

ನಮ್ಮ ಸೋದರಮಾವ ಎರಡು ಸಾವಿರ ವರ್ಷಗಳ ಹಿಂದೆ ತೀರಿಕೊಂಡವರ ಜೊತೆ ದಿನವೂ ವಾದ ಮಾಡುತ್ತಾನೆ, ದಿನವೂ ತಾನೇ ಗೆಲ್ಲುತ್ತಾನೆ! ಸೋಲುವುದು ಹೇಗೆ? ಅವರು ಎದುರಾಡುವುದಿಲ್ಲವಲ್ಲ. ಬದುಕಿರುವವರ ಪೈಕಿ ಎದುರಾಡುವವಳು ಅತ್ತೆ ಒಬ್ಬಳೇ. ಅಲ್ಲಿ ಅವನು ಗೆದ್ದದ್ದನ್ನು ನಾನಂತೂ ಕಂಡಿಲ್ಲ.

ಮಾಮಾ ಗದಗಿನ ಕಡೆಯವನು. ಈಗ ಅರಬ್ಬರ ಮರಳುನಾಡಿನ ಮದೀನತ್ ಜಾಯೆದ್‌ನಲ್ಲಿ ಒಂದು ತೈಲ ಕಂಪನಿಯ ಸೇಫ್ಟಿ ಆಫೀಸರ್. ಯಾರಾದರೂ ಏಣಿಯಿಂದ ಜಾರಿ ಬಿದ್ದರೆ ಕಂಡವರನ್ನೆಲ್ಲ ಕೂರಿಸಿ ಹೇಳಿಕೆ ಬರೆದುಕೊಂಡು, ಕಾರಣ ಹುಡುಕಿ ರಿಪೋರ್ಟ್ ಕೊಡುವುದು ಅವನ ಕೆಲಸ. ವಾರವೆಲ್ಲ ಕ್ಯಾಂಪ್, ಶನಿವಾರ-ಭಾನುವಾರ ಖಲೀಫಾ ಸಿಟಿಯ ಮನೆ. ದುಬೈನಲ್ಲಿ ಪರರ ಹಲ್ಲು ಕೀಳುತ್ತಾ ಹೊಟ್ಟೆ ಹೊರೆಯುವ ನಾನೂ ರಜೆ ಸಿಕ್ಕ ಕೂಡಲೇ ಅಲ್ಲಿಗೇ ಊಟಕ್ಕೆ ಓಡುತ್ತೇನೆ.

ಇಂಥವನಿಗೆ ಗ್ರೀಕರು ಗಂಟುಬಿದ್ದದ್ದು ಬಾಗಿಲಿನಿಂದ. ಕ್ಯಾಂಪಿನ ಕೋಣೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಡ್ಡ ಇಡಲೆಂದು ಹಳೇ ಪುಸ್ತಕದಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪಗಿನ ಪುಸ್ತಕ ಆರಿಸಿ ತಂದ. ಗ್ರೀಕರೂ ರೋಮನ್ನರೂ ತಮ್ಮ ಪುರಾಣಗಳನ್ನು ಹೇಗೆ ಬರೆದಿಟ್ಟರು, ಅವಕ್ಕೆ ಏನೇನು ಅರ್ಥ ಹಚ್ಚಿದರು ಎಂಬ ಪುಸ್ತಕ ಅದು. ಒಮ್ಮೆ ಮರಳುಗಾಳಿಗೆ ಎರಡು ದಿನ ಕೆಲಸ ನಿಂತಿತು. ಬೇರೇನೂ ತೋಚದೆ ಬಗ್ಗಿ ಪುಸ್ತಕ ಎತ್ತಿಕೊಂಡ. ಅಂದು ಮುಚ್ಚಿದ ಬಾಗಿಲು ಇಂದಿಗೂ ತೆರೆದು ನಿಂತಿಲ್ಲ!

"ಅವರೂ ನಮ್ಮ ಕಸುಬಿನವರ ನೋಡವಾ," ಎಂದು ನನ್ನ ಮುಂದೆ ಶುರು ಮಾಡಿದ. "ಒಬ್ಬಾಂವ ಊರೂರು ತಿರುಗಿ, ಈ ಊರಿನವರು ಹಿಂಗಂತಾರ, ಆ ಊರಿನವರು ಹಂಗಂತಾರ, ನಂಬೂದು ಬಿಡೂದು ನಿಮಗ ಬಿಟ್ಟದ್ದು ಅಂತ ಎಲ್ಲಾ ಬರದಿಟ್ಟ. ಇನ್ನೊಬ್ಬಾಂವ, ದೇವರಂದ್ರ ಹಳೇ ಕಾಲದ ರಾಜರು, ಮಂದಿ ದೇವರು ಮಾಡ್ಯಾರ ಅಂದ. ಮತ್ತೊಬ್ಬಾಂವ, ಏ, ಎಲ್ಲಾ ಗೂಢಾರ್ಥ ಐತಿ ಅಂದ."

"ನೀ ಏನಂತಿ ಮಾಮಾ?"

ಕೇಳಬಾರದಿತ್ತು. ಗಾಳಿದೇವರು ಒಬ್ಬ ರಾಜಕುಮಾರಿಯನ್ನು ಹೊತ್ತೊಯ್ದ ಕಥೆ ತೆಗೆದ. ಆಗಿನ ಕಾಲದಲ್ಲೇ ಕೆಲವು ಬುದ್ಧಿವಂತರು, ದೇವರೂ ಇಲ್ಲ ಏನೂ ಇಲ್ಲ, ಬಿರುಗಾಳಿಗೆ ಹುಡುಗಿ ಬಂಡೆ ಮೇಲಿಂದ ಬಿದ್ದಳು ಎಂದರಂತೆ.

"ಶಾಣ್ಯಾರು. ಆದ್ರ ಅರ್ಧಕ್ಕ ಬಿಟ್ರು," ಎಂದು ಮಾಮಾ ಮೇಜು ಗುದ್ದಿದ. "ಅಷ್ಟು ಎತ್ತರದ ಬಂಡೆಗಲ್ಲಿಗೆ ರೇಲಿಂಗ್ ಯಾಕ ಇರಲಿಲ್ಲ? ಅದನ್ನ ಒಬ್ಬನರ ಕೇಳ್ಯಾನೇನು?"

ಇನ್ನೊಂದು ಶನಿವಾರ ಅರ್ಧ ಕುದುರೆ, ಅರ್ಧ ಮನುಷ್ಯರಾದವರ ಸರದಿ. ಕುದುರೆ ಸವಾರರನ್ನು ಮೊದಲ ಸಲ ದೂರದಿಂದ ಕಂಡವರು ಹಾಗೆ ತಪ್ಪು ತಿಳಿದರು ಎಂದು ಒಬ್ಬ ಹಳಬ ವಿವರಿಸಿದ್ದಾನಂತೆ. ಮಾಮಾ ಅದನ್ನು ಮುಕ್ಕಾಲು ಗಂಟೆ ಹಿಗ್ಗಿಸಿ ಹೇಳಿದ. ಅವನ ಹತ್ತು ವರ್ಷದ ಮಗಳು ಐಪ್ಯಾಡಿನಿಂದ ಕಣ್ಣೆತ್ತದೆ, "ಸೋ ದೇ ನೀಡೆಡ್ ಗ್ಲಾಸಸ್, ಪಪ್ಪಾ," ಎಂದು ಒಂದೇ ವಾಕ್ಯದಲ್ಲಿ ಮುಗಿಸಿದಳು!

ಮನೆಯ ವ್ಯವಹಾರವನ್ನಾದರೂ ಗ್ರೀಕರಿಂದ ದೂರ ಇಟ್ಟನೇ? ಊರಿಂದ ನಾನು ತಂದ ಧಾರವಾಡ ಪೇಡೆ ಎರಡೇ ದಿನದಲ್ಲಿ ಡಬ್ಬಿಯೊಳಗೇ ಮಾಯವಾಯಿತು. ಅತ್ತೆ ವಿಚಾರಣೆ ನಡೆಸಿದಳು. ಮಾಮಾ ಗಂಭೀರವಾಗಿ, "ಗ್ರೀಕರ ಒಬ್ಬ ದೇವರು ಹೆತ್ತ ಮಕ್ಕಳನ್ನ ನುಂಗತಿದ್ದ. ಅದರ ಒಳ ಅರ್ಥ ಏನಂದ್ರ, ಆ ದೇವರಂದ್ರ ಕಾಲ. ಕಾಲ ಎಲ್ಲಾನೂ ನುಂಗತೈತಿ," ಎಂದ.

"ಹೌದಾ?" ಎಂದಳು ಅತ್ತೆ. "ಕಾಲದ ಮೀಸಿಗೆ ಪೇಡೆ ಪುಡಿ ಹತ್ತೈತಿ. ಒರಸಿಕೋರಿ."

ಹೀಗಿರುವಾಗ ನನ್ನನ್ನು ನೋಡಲು ಅಲ್ ಐನ್‌ನಿಂದ ಗಂಡಿನವರು ಬರುವುದೆಂದಾಯಿತು. ಹುಡುಗ ಅಲ್ಲಿ ಮೇಷ್ಟ್ರು. ವಿಜಯಪುರದ ಕಡೆಯ ತಾಯಿ ಜೊತೆಗೆ. ಅತ್ತೆ ಬೆಳಿಗ್ಗೆಯೇ ಮಾಮಾನಿಗೆ ಎಚ್ಚರಿಕೆ ಕೊಟ್ಟಳು. "ಇವತ್ತ ಗ್ರೀಕರು ಖಲಾಸ್! ಬಾಯಿ ಬಿಟ್ಟೀರಿ ಮತ್ತ."

ಪಾಪ, ಮಾಮಾ ಮಾತು ಉಳಿಸಿಕೊಂಡ. ಗ್ರೀಕರ ಹೆಸರೆತ್ತಲಿಲ್ಲ. ಆದರೆ ಹುಡುಗನ ತಾಯಿ ಚಹಾ ಕುಡಿಯುತ್ತಾ, "ನಿಮ್ಮ ಮನೆತನ ಮೂಲ ಎಲ್ಲೀದ್ರಿ?" ಎಂದು ಕೇಳಿಬಿಟ್ಟರು.

"ಅದಕ್ಕ ಮೂರು ಪಾಠಾಂತರ ಅದಾವ್ರಿ ಅಕ್ಕಾರ," ಎಂದು ಮಾಮಾ ಮುಂದಕ್ಕೆ ಸರಿದು ಕೂತ. "ದೇವಿ ಕನಸಿನಾಗ ಬಂದು ಊರು ಬಿಡು ಅಂದ್ಲು, ನಮ್ಮ ಮುತ್ತಜ್ಜ ಬಿಟ್ಟ. ಇದು ಮನಿಯವರು ಹೇಳೂದು. ತಮ್ಮನ ಜೋಡಿ ಜಗಳಾಡಿ ಬಿಟ್ಟ. ಇದು ತಮ್ಮನ ಕಡಿಯವರು ಹೇಳೂದು. ಬಾಜೂ ಮನಿ ಎಮ್ಮಿ ಕಳದ ದಿನಾನ ಮುತ್ತಜ್ಜನೂ ಊರಾಗ ಕಾಣಲಿಲ್ಲ. ಇದು ಬಾಜೂ ಮನಿಯವರು ಹೇಳೂದ್ರಿ."

ಅತ್ತೆ ಕಣ್ಣು ಮುಚ್ಚಿಕೊಂಡಳು. ಹುಡುಗನಿಗೆ ನಗು ತಡೆಯಲಾಗದೆ ಚಹಾ ಮೂಗಿಗೇರಿತು.

ಅವನ ತಾಯಿ ಮಾತ್ರ ನಗಲಿಲ್ಲ. ಕಪ್ಪು ಕೆಳಗಿಟ್ಟು, "ಇನ್ನೊಂದು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಹಿಂದ ಒಂದು ಸಂಬಂಧ ಮುರೀತಂತಲ್ರಿ. ಏನೇನೋ ಕೇಳೀವಿ. ಅದು ಹ್ಯಾಂಗಾತು?" ಎಂದರು.

ಎರಡು ವರ್ಷದ ಹಿಂದೆ ನಿಶ್ಚಯವಾಗಿದ್ದ ಸಂಬಂಧವನ್ನು ನಾನೇ ಬೇಡ ಎಂದಿದ್ದೆ. ಹುಡುಗಿಗೆ ಸೊಕ್ಕು ಎಂದರು ಕೆಲವರು. ಹುಡುಗನೇ ಬಿಟ್ಟ ಎಂದರು ಇನ್ನು ಕೆಲವರು. ದುಬೈನಲ್ಲಿ ಯಾರೋ ಇದ್ದಾನೆ ಎಂದೂ ಹಬ್ಬಿಸಿದರು. ಎಲ್ಲವೂ ಮಾಮಾನ ಕಿವಿಗೂ ಬಿದ್ದಿದ್ದವು. ಅವನ ನಾಲಿಗೆಯ ಮೇಲೆ ಈಗ ಎಷ್ಟು ಪಾಠಾಂತರಗಳಿವೆಯೋ ಎಂದು ನಾನು ನೆಲ ನೋಡುತ್ತಾ ಕೂತೆ.

"ಅಕ್ಕಾರ," ಎಂದ ಮಾಮಾ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ. "ಅದಕ್ಕ ಸಾಕ್ಷಿ ಒಬ್ಬಾಕಿನ. ಈಕಿ. ಅವತ್ತ ನಾ ಈಕಿನ್ನ ಕೇಳಿದೆ. 'ಮಾಮಾ, ಆ ಮನ್ಯಾಗ ನನಗ ಉಸಿರಾಡಾಕ ಆಗೂದಿಲ್ಲ' ಅಂದ್ಲು. ಅಷ್ಟ ನಡದದ್ದು. ಉಳಿದದ್ದು ಹೇಳೂ ಮಂದಿ ಯಾರೂ ಅಲ್ಲಿ ಇರಲಿಲ್ರಿ. ಅದನ್ನ ನಾ ಕಿವಿಗೆ ಹಾಕ್ಕೊಂಡಿಲ್ಲ."

ಹುಡುಗನ ತಾಯಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೋಫಾದಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಬಾರವಾ, ಇಲ್ಲಿ ಕೂಡು. ಈ ಸಲಾನೂ ನಿನ್ನ ಕೇಳತೀವಿ. ನಮ್ಮ ಹುಡುಗ ಹ್ಯಾಂಗನಸ್ತಾನ ನಿನಗ?"

ಆತ ಇನ್ನೂ ಮೂಗು ಒರೆಸಿಕೊಳ್ಳುತ್ತಿದ್ದ.

"ಛಲೋ ನಗತಾರ್ರಿ," ಎಂದೆ.

ಎಲ್ಲರೂ ಗೊಳ್ಳೆಂದರು. ಅತ್ತೆ ಸಕ್ಕರೆ ತರಲು ಒಳಗೆ ಓಡಿದಳು. ಮಾಮಾ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟ. ಕೈ ತೆಗೆಯುವುದನ್ನೂ ಮರೆತು ಹಾಗೇ ನಿಂತುಬಿಟ್ಟ. ನಾನೂ ಅಲುಗಾಡಲಿಲ್ಲ.